ಬಚ್ಚಲುಮನೆಯ ಕಂಬಿ

ಕ್ರೋಂಪೇಟೆ
ಭಾನುವಾರ

ಮಾದೇವಮ್ಮನವರಿಗೆ,

ಕ್ರೋಂಪೇಟೆಯ ಕೃಷ್ಣಮೂರ್ತಿ ಬರೆಯುತ್ತಿದ್ದೇನೆ. ಹೆಸರು ನೋಡಿದೊಡನೆ ಕಾಗದವನ್ನು ಒಲೆಗೆ ಹಾಕಬೇಕು ಅನ್ನಿಸಿದರೆ ಹಾಕಿ, ತಪ್ಪಿಲ್ಲ. ಹಾಕುವ ಮುಂಚೆ ಇಷ್ಟು ಮಾತ್ರ ಓದಿಬಿಡಿ: ನಮ್ಮಮ್ಮ ಬಿದ್ದದ್ದು ನಿಮ್ಮಿಂದಲ್ಲ, ನನ್ನಿಂದ. ಇದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನು ಮನೆಯಿಂದ ಕಳಿಸಿದೆ.

ಅಂತೂ ಬರೆದೆ. ಇಷ್ಟಕ್ಕೆ ಎಂಟು ತಿಂಗಳು ಹಿಡಿಯಿತು. ನೀವು ನಮ್ಮ ಮನೆಯಲ್ಲಿದ್ದಷ್ಟು ದಿನ ನಿಮ್ಮನ್ನು ಬಾ, ಹೋಗು ಎಂದೇ ಮಾತಾಡಿಸಿದೆ. ಈಗ ಹಾಗೆ ಬರೆಯಲು ಕೈ ಬರುತ್ತಿಲ್ಲ. ಮರ್ಯಾದೆ ಸ್ವಲ್ಪ ತಡವಾಗಿ ಬಂತು ಅಂದುಕೊಳ್ಳಿ. ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಎತ್ತಿದ್ದರೂ 'ಊಟ ಆಯ್ತಾ, ಚೆನ್ನಾಗಿದೀಯಾ' ಎಂದು ಕೇಳಿ ಇಟ್ಟುಬಿಡುತ್ತಿದ್ದೆನೇನೋ, ನಾನು ಅಂಥ ಹೇಡಿ. ಅದಕ್ಕೇ, ಅಮ್ಮನನ್ನು ನೋಡಿಕೊಳ್ಳಲು ನಿಮ್ಮನ್ನು ಕಳಿಸಿದ್ದ ಏಜೆನ್ಸಿಯವನಿಂದ ನಿಮ್ಮ ತಾಳವಾಡಿಯ ವಿಳಾಸ ಇಸಿದುಕೊಂಡೆ. ನೀವು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು, ಅಮ್ಮನಿಗೆ ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದವರು. ನನ್ನ ಕೋಳಿಕಾಲು ಅಕ್ಷರ ನಿಮಗೆ ಕಷ್ಟವಾಗಲಾರದು.

ನನ್ನ ರಿಪೇರಿ ಹುಚ್ಚು ನಿಮಗೆ ಗೊತ್ತಿದ್ದದ್ದೇ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೂತು ಎದ್ದವನು ನಾನು. ಅಲ್ಲಿ ಇದು ನನ್ನ ಕೈಯಿಂದ ಆದದ್ದು ಎಂದು ತೋರಿಸಲು ಒಂದು ವಸ್ತುವೂ ಇಲ್ಲ. ಮನೆಯಲ್ಲಿ ಹಾಗಲ್ಲ. ಮುರಿದ ಮಂಚದಿಂದ ಮಾಡಿದ ಚಪ್ಪಲಿ ಸ್ಟ್ಯಾಂಡು, ಹಗ್ಗ ಎಳೆದರೆ ಮೇಲೇರುವ ಬಟ್ಟೆ ಒಣಹಾಕುವ ಚೌಕಟ್ಟು, ಅಡುಗೆಮನೆಯ ಅಟ್ಟಕ್ಕೆ ಬಾಗಿಲು, ಎಲ್ಲ ನನ್ನದೇ. ಇಪ್ಪತ್ತು ವರ್ಷದಿಂದ ಒಬ್ಬ ಪ್ಲಂಬರೂ ನಮ್ಮ ಹೊಸ್ತಿಲು ದಾಟಿಲ್ಲ ಎಂದು ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. 'ದಾಟಿಲ್ಲ ನಿಜ, ಹೊರಗಡೆ ನಿಂತ್ಕೊಂಡು ನಗ್ತಾ ಇರ್ತಾನೆ' ಎಂದು ಸುಮತಿ ಸೇರಿಸುತ್ತಿದ್ದಳು. ಹೆಂಡತಿ ಅಂದ ಮೇಲೆ ಅಷ್ಟು ಅನ್ನುತ್ತಾಳೆ, ಬಿಡಿ. ಆದರೆ ನೀವು ಬಂದ ಮೊದಲ ದಿನವೇ ನಾನು ಕೂರಿಸಿದ ಸ್ವಿಚ್ಚಿನಲ್ಲಿ ಅಡುಗೆಮನೆಯ ಲೈಟು ಹಾಕಲು ಹೋಗಿ ನಡುಮನೆಯ ಫ್ಯಾನು ತಿರುಗಿಸಿದಿರಿ. 'ಅಯ್ಯಾ, ಇಲ್ಲಿ ಒತ್ತುದ್ರೆ ಅಲ್ಲಿ ತಿರುಗ್ತದಲ್ಲಾ ಸಾ!' ಎಂದಿರಿ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ವರ್ಷವಾಗಿತ್ತು. ಅದನ್ನು ನೋಡಿ ಸಂತೋಷಪಡುವುದು ಬಿಟ್ಟು ನಾನು ಮುಖ ಗಂಟು ಹಾಕಿಕೊಂಡೆ.

ಈ ತಮಿಳು ಊರಿನಲ್ಲಿದ್ದೂ ಅಮ್ಮನಿಗೆ ತಮಿಳು ಬರುವುದಿಲ್ಲ. ನಿಮಗಿಂತ ಮೊದಲಿದ್ದ ಇಬ್ಬರು ಒಳ್ಳೆಯವರೇ, ಆದರೆ ದಿನವಿಡೀ ಕೈಸನ್ನೆಯಲ್ಲೇ ಸಂಸಾರ. ನೀವು ಬಂದ ಮೇಲೆ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಅವಳ ನಂಜನಗೂಡು, ನಿಮ್ಮ ಮಾದಪ್ಪನ ಬೆಟ್ಟ, ಯಾರ ಮನೆಯ ಹುರುಳಿಸಾರು ಹೆಚ್ಚು ರುಚಿ ಎಂಬ ಜಗಳ. ಎಂಬತ್ತೆರಡರ ಜಯಲಕ್ಷ್ಮಮ್ಮ ಹುಡುಗಿಯ ಹಾಗೆ ವಾದ ಮಾಡುತ್ತಿದ್ದಳು. ಇದನ್ನೆಲ್ಲ ನಾನೇ ಮುಗಿಸಿದೆ.

ಮಂಡಿ ಆಪರೇಷನ್ ಆದ ಮೇಲೆ ಸ್ನಾನದ ಸ್ಟೂಲಿನಿಂದ ಏಳಲು ಅವಳಿಗೆ ಗೋಡೆಯಲ್ಲೊಂದು ಕಂಬಿ ಬೇಕಾಗಿತ್ತು. ಸ್ಟೀಲ್ ಕಂಬಿ ಕೊಟ್ಟ ಅಂಗಡಿಯವನು ಹಾಕಿಕೊಡಲು ಆಳು ಕಳಿಸುತ್ತೇನೆ ಎಂದ. ಡ್ರಿಲ್ ಇಟ್ಟುಕೊಂಡವನ ಮನೆಗೆ ಆಳೇ? ನಾನೇ ಹಾಕಿದೆ. ಟೈಲಿನ ಹಿಂದೆ ಗೋಡೆ ಪೊಳ್ಳಾಗಿತ್ತು, ಡ್ರಿಲ್ಲು ಬೆಣ್ಣೆಯೊಳಗೆ ಹೋದಂತೆ ಹೋಯಿತು. ಗೊತ್ತಾದರೂ ಸುಮ್ಮನಿದ್ದೆ. ಮೂರು ವಾರಕ್ಕೆ ನೀವು ನನ್ನ ಹತ್ತಿರ ಬಂದು, 'ಸಾ, ಆ ಕಂಬಿ ಒಸಿ ಅಳ್ಳಾಡ್ತದೆ ಕನ. ಅವ್ವಾರು ಬಾರ ಬುಟ್ಟು ಏಳ್ತಾರೆ. ಯಾರ್ನಾರ ಕರ್ಸಿ' ಎಂದಿರಿ. ಯಾರನ್ನಾದರೂ ಕರೆಸಿ! ಆ ಮಾತು ಮೈಗೆ ಮೆಣಸಿನಪುಡಿ ಎರಚಿದಂತಾಯಿತು. 'ನಿನ್ ಕೆಲ್ಸ ನೀನು ನೋಡ್ಕೊ' ಎಂದೆ.

ಮಾರನೆಯ ದಿನ ನೀವು ಅಮ್ಮನನ್ನು ಬಾಲ್ಕನಿಯಲ್ಲಿ ಕೂರಿಸಿದ್ದಾಗ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡೆ. ಕಂಬಿ ಬಿಚ್ಚಿ, ಸಡಿಲವಾದ ತೂತುಗಳಿಗೆ ಬೆಂಕಿಕಡ್ಡಿ ಮುರಿದು ತುರುಕಿ, ಸ್ಕ್ರೂ ತಿರುಗಿಸಿ, ಮೇಲೆ ವೈಟ್ ಸಿಮೆಂಟ್ ಮೆತ್ತಿದೆ. ಕ್ಯಾಲೆಂಡರ್ ತೂಗುಹಾಕುವ ಮೊಳೆಗೆ ಎಲ್ಲರೂ ಮಾಡುವ ಕೆಲಸ ಅದು. ಮನುಷ್ಯರು ಜೋತುಬೀಳುವ ಕಂಬಿಗೆ ಬುದ್ಧಿಯಿದ್ದವರು ಮಾಡುವುದಿಲ್ಲ. ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಈಗ ಆನೆ ಕಟ್ಟಿದರೂ ತಡೆಯುತ್ತೆ ಎಂದು ನಿಮಗೆ ಹೇಳಿದೆ. ನೀವು ನಂಬಿದಿರಿ.

ಹನ್ನೊಂದನೆಯ ದಿನ ಶುಕ್ರವಾರ, ಅಮ್ಮನ ಎಣ್ಣೆನೀರು. ಸುಮತಿ ಮಾರ್ಕೆಟ್ಟಿಗೆ ಹೋಗಿದ್ದಳು. ನೀವು ಸೀಗೆಪುಡಿ ಹಾಕಿ ಅಮ್ಮನ ತಲೆ ತಿಕ್ಕಿ, ನೀರು ಹುಯ್ದು, ನೆಲ ತೊಳೆದು ಒರೆಸಿ, ಬಾಲ್ಕನಿಯಿಂದ ಒಣಗಿದ ಟವೆಲ್ ತರಲು ಹೋದಿರಿ. ಅಷ್ಟರಲ್ಲಿ ಅವಳು ತಾನೇ ಕಂಬಿ ಹಿಡಿದು ಎದ್ದಳು. ಕಂಬಿ ಕಿತ್ತುಕೊಂಡು ಬಂತು. ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ನಾನೇ ಮೊದಲು ಓಡಿದ್ದು. ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಕಂಬಿಯನ್ನು ಕೊಳೆಬಟ್ಟೆಯ ಬಕೆಟ್ಟಿನೊಳಗೆ ಮುಚ್ಚಿಟ್ಟೆ. ಒದ್ದೆ ಬೆಂಕಿಕಡ್ಡಿಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡೆ. ನೀವು ಟವೆಲ್ ಹಿಡಿದು ಬಂದಾಗ ಆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ನೀವು ತೂತುಗಳನ್ನು ನೋಡಿದಿರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಮ್ಮನ ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಗೆ ತಾಂಬರಂನಿಂದ ನನ್ನ ತಂಗಿ ಅನು ಓಡಿಬಂದಳು. 'ಹೇಗಾಯ್ತೋ ಅಣ್ಣಾ?' ಎಂದು ಅತ್ತಳು. 'ನೆಲ ಒದ್ದೆಯಿತ್ತು ಅಂತ ಕಾಣುತ್ತೆ' ಎಂದೆ. ಅಷ್ಟೇ ಮಾತು. ನಿಮ್ಮ ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಅನು ಆಗಲೇ ನಿಮ್ಮ ಕಡೆ ತಿರುಗಿದ್ದಳು. 'ನೆಲ ಒಣ್ಗಿತ್ತು ಕನಕ್ಕ, ನಾನೇ ಕೈಯಾರ ಒರ್ಸಿವ್ನಿ' ಎಂದು ನೀವು ಎರಡು ಸಲ ಹೇಳಿದಿರಿ. ಆಮೇಲೆ ನನ್ನನ್ನು ನೋಡಿದಿರಿ. ಈಗ ಕಂಬಿಯ ಮಾತು ತೆಗೆಯುತ್ತೀರಿ ಅಂದುಕೊಂಡೆ. ನೀವು ತೆಗೆಯಲಿಲ್ಲ. ತೆಗೆದಿದ್ದರೆ 'ತನ್ನ ತಪ್ಪು ಮುಚ್ಕೊಳ್ಳೋಕೆ ಸುಳ್ಳು ಹೇಳ್ತಾಳೆ' ಅನ್ನುತ್ತಿದ್ದೆ. ನಾಲಿಗೆಯ ಮೇಲೆ ಆ ಮಾತು ಸಿದ್ಧವಾಗಿತ್ತು. ನಿಮಗೂ ಅದು ನನ್ನ ಮುಖದಲ್ಲೇ ಕಂಡಿರಬೇಕು.

ಏಜೆನ್ಸಿಗೆ ಫೋನ್ ಮಾಡಿ ದೂರು ಹೇಳಿದವನೂ ನಾನೇ. ಊಟದ ಹೊತ್ತಿಗೆ ನೀವು ಬ್ಯಾಗು ಹಿಡಿದು ಲಿಫ್ಟಿನ ಮುಂದೆ ನಿಂತಿದ್ದಿರಿ. ನಿಮ್ಮನ್ನು ಬೇರೆ ಮನೆಗಳಿಗೂ ಕಳಿಸುವುದಿಲ್ಲ ಎಂದು ಏಜೆನ್ಸಿಯವನು ಆಮೇಲೆ ಹೇಳಿದಾಗ 'ಅಯ್ಯೋ ಪಾಪ' ಎಂದೆ ನೋಡಿ, ಎಂಥ ನಾಟಕ. ಅಮ್ಮ ಬಿದ್ದ ದಿನವೇ ಸಂಜೆ, ಸುಮತಿ ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರ ಇದ್ದಾಗ, ಉದ್ದನೆಯ ಬೋಲ್ಟು ತಂದು, ಹಳೆಯ ತೂತು ಮುಚ್ಚಿ, ಪಕ್ಕದಲ್ಲಿ ಇಟ್ಟಿಗೆ ಸಿಗುವವರೆಗೂ ಕೊರೆದು ಅದೇ ಕಂಬಿಯನ್ನು ಭದ್ರವಾಗಿ ಕೂರಿಸಿದೆ. ಎರಡು ಹೆಜ್ಜೆ ಹಿಂದೆ ಸರಿದು 'ಪರವಾಗಿಲ್ಲ, ಲೆವೆಲ್ ಚೆನ್ನಾಗಿ ಬಂದಿದೆ' ಅಂದುಕೊಂಡೆ. ಥೂ ನನ್ನ ಜನ್ಮಕ್ಕೆ.

ಇನ್ನೂ ಇದೆ, ಮಾದೇವಮ್ಮನವರೇ. ನಿಮಗೆ ಮಾಡಿದ್ದು ಒಂದು, ಹೆತ್ತವಳಿಗೆ ಮಾಡಿದ್ದು ಇನ್ನೊಂದು. ಆಸ್ಪತ್ರೆಯಲ್ಲಿ ಎಚ್ಚರವಾದಾಗಿನಿಂದ ಅವಳು 'ಕಂಬಿ ಕಿತ್ಕೊಂಡು ಬಂತು ಕಣೋ ಕಿಟ್ಟಿ' ಅನ್ನುತ್ತಿದ್ದಳು. ಮದ್ದಿನ ಮಂಪರು ಎಂದು ಎಲ್ಲರಿಗೂ ಹೇಳಿದೆ. ಮನೆಗೆ ಬಂದ ಮೇಲೂ ಬಿಡಲಿಲ್ಲ. ಒಂದು ದಿನ ವಾಕರ್ ಹಿಡಿಸಿ ಬಚ್ಚಲುಮನೆಗೆ ಕರೆದೊಯ್ದು, 'ನೋಡಮ್ಮ, ಅಲ್ಲೇ ಇದೆಯಲ್ಲ' ಎಂದೆ. ಅಮ್ಮ ಕೈ ಹಾಕಿ ಎಳೆದು ನೋಡಿದಳು. ಕಂಬಿ ಮಿಸುಕಲಿಲ್ಲ. 'ಹಾಗಾದ್ರೆ ನಂಗೆ ಅರಳುಮರಳು ಶುರುವಾಯ್ತು ಅನ್ನು' ಎಂದಳು. 'ವಯಸ್ಸಾಯ್ತಲ್ಲಮ್ಮ' ಎಂದೆ.

ಆಮೇಲೆ ಅಮ್ಮ ಅಮ್ಮನಾಗಿ ಉಳಿಯಲಿಲ್ಲ. ಮಾತ್ರೆ ನುಂಗಿ ಐದು ನಿಮಿಷಕ್ಕೆ ನುಂಗಿದೆನಾ ಎಂದು ಕೇಳುವಳು. ಫೋನ್ ಬಂದರೆ, 'ನಾನು ಏನಾದ್ರೂ ತಪ್ಪು ಮಾತಾಡಿಬಿಡ್ತೀನಿ, ನೀವೇ ಮಾತಾಡಿ' ಎಂದು ಕೊಟ್ಟುಬಿಡುವಳು. ಐವತ್ತು ವರ್ಷ ಸೆರಗಿನ ತುದಿಯಲ್ಲಿದ್ದ ಬೀರುವಿನ ಬೀಗದಕೈಯನ್ನು ಬಿಚ್ಚಿ ಸುಮತಿಗೆ ಕೊಟ್ಟಳು. ನೀವೂ ಇರಲಿಲ್ಲ, ಮಾತೂ ಇರಲಿಲ್ಲ. ನಾನು ಎದುರಿಗೇ ಕೂತು ಇದನ್ನೆಲ್ಲ ನೋಡಿದೆ. ಸುಮತಿ ಸುಮ್ಮನೆ 'ಬೆಂಕಿಪೊಟ್ಟಣ ಎಲ್ಲಿ' ಎಂದು ಕೇಳಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಬಾಯಿ ಮಾತ್ರ ಬಿಡಲಿಲ್ಲ.

ಕಡೆಗೆ ಅನು ಹಠ ಮಾಡಿ ಮರೆವಿನ ಕಾಯಿಲೆಗೆ ನೋಡುವ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿದಳು. ಹೋದ ಮಂಗಳವಾರ ಅಮ್ಮನನ್ನು ಕರೆದುಕೊಂಡು ಹೋದೆ. ಡಾಕ್ಟರಿಗೆ ಕನ್ನಡ ಬಾರದು, ಅಮ್ಮನಿಗೆ ತಮಿಳು ಬಾರದು, ನಡುವೆ ದುಭಾಷಿ ನಾನು. ಇವತ್ತು ಯಾವ ವಾರ, ಮಕ್ಕಳೆಷ್ಟು, ನೂರರಲ್ಲಿ ಏಳು ಕಳೆದರೆ ಎಷ್ಟು, ಅಮ್ಮ ಎಲ್ಲಕ್ಕೂ ಪಟಪಟ ಹೇಳಿದಳು. ಆಮೇಲೆ ಡಾಕ್ಟರು, ಆಗದೇ ಇದ್ದದ್ದು ಆದ ಹಾಗೆ ಯಾವಾಗಲಾದರೂ ಕಂಡಿತ್ತಾ ಕೇಳಿ ಎಂದರು. ಕೇಳಿದೆ. 'ಒಂದೇ ಸಲ' ಎಂದಳು ಅಮ್ಮ. 'ಬಚ್ಚಲುಮನೆ ಕಂಬಿ ಕೈಗೆ ಬಂದ ಹಾಗಾಯ್ತು. ಆಮೇಲೆ ನನ್ನ ಮಗ ತೋರಿಸ್ದ, ಅದು ಅಲ್ಲೇ ಇತ್ತು. ಅವತ್ತಿಂದ ನನ್ ತಲೆ ಮೇಲೆ ನಂಗೆ ನಂಬಿಕೆ ಇಲ್ಲ ಅಂತ ಹೇಳಪ್ಪ ಅವರಿಗೆ.'

ಡಾಕ್ಟರು ಪೆನ್ನು ಹಿಡಿದು 'ಎನ್ನ ಸೊಲ್ರಾಂಗ?' ಎಂದರು. ಏನು ಹೇಳುತ್ತಾರೆ ಎಂದು ಕೇಳುತ್ತಿದ್ದರು. ಬಾಯಿ ಬಿಟ್ಟರೆ ನನ್ನ ಸುಳ್ಳನ್ನು ನಾನೇ ತಮಿಳಿಗೆ ತಿರುಗಿಸಿ ಅಮ್ಮನ ಕಾಯಿಲೆಯ ಕಾಗದದಲ್ಲಿ ಬರೆಸಬೇಕು. ಅಮ್ಮ ನಂಬಿಕೆಯಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಗಲಿಲ್ಲ. ಡಾಕ್ಟರನ್ನು ಬಿಟ್ಟು ಅಮ್ಮನ ಕಡೆ ತಿರುಗಿ, ಕನ್ನಡದಲ್ಲಿ ಎಲ್ಲ ಹೇಳಿದೆ. ಬೆಂಕಿಕಡ್ಡಿ, ಬಕೆಟ್ಟು, ನೀವು ಎಚ್ಚರಿಸಿದ್ದು, ಸಂಜೆಯ ಬೋಲ್ಟು. ಅಮ್ಮ ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿದೆ. ಅವಳು ಕೇಳಿದ್ದು ಒಂದೇ: 'ಹಾಗಾದ್ರೆ ನನ್ ತಲೆ ಸರಿಯಾಗಿದೆಯೇನೋ?' 'ಸರಿಯಾಗಿದೆಯಮ್ಮ' ಎಂದೆ. ಅಮ್ಮ ಅಳುತ್ತ ನಕ್ಕಳು. ಕಣ್ಣೊರೆಸಿಕೊಂಡು, 'ಆ ಹೆಣ್ಣುಮಗಳು ಏನಾದ್ಲು?' ಎಂದಳು. ಮನೆಗೆ ಬಂದವಳೇ ಸುಮತಿಯಿಂದ ಬೀಗದಕೈ ವಾಪಸು ಇಸಿದುಕೊಂಡಳು.

ಅವತ್ತೇ ಸುಮತಿಗೂ ಅನುವಿಗೂ ಹೇಳಿದೆ. ನಿಮಗೆ ಹೆಸರು ಕೆಟ್ಟದ್ದು ಈ ಫ್ಲಾಟುಗಳಲ್ಲಿ ತಾನೆ, ಅದಕ್ಕೇ ಅಸೋಸಿಯೇಷನ್ ಮೀಟಿಂಗಿನಲ್ಲೂ ಎದ್ದು ನಿಂತು ಹೇಳಿದೆ. ಏನಾಯಿತು ಗೊತ್ತೇ? ಏನೂ ಆಗಲಿಲ್ಲ. 'ವಿಡುಂಗ ಸಾರ್, ಬೇಕೂಂತ ಮಾಡಿದ್ದಾ' ಎಂದು ನಮ್ಮವರೊಬ್ಬರು ಅರ್ಧ ತಮಿಳಿನಲ್ಲಿ, ಬಿಟ್ಟುಬಿಡಿ ಎಂದು ಸಮಾಧಾನ ಹೇಳಿ ಕಾಫಿ ತರಿಸಿದರು. ಅನು 'ನೀನು ಒಳಗೊಳಗೇ ಎಷ್ಟು ನೊಂದಿರ್ತೀಯೋ' ಎಂದಳು. ಏಜೆನ್ಸಿಯವನಿಗೂ ಹೇಳಿದೆ, ಬೇರೆ ಆಳು ಕಳಿಸಲಾ ಎಂದು ಕೇಳಿದ. ನಿಮ್ಮನ್ನು ಹೊರಹಾಕಲು ಬರೀ ಅನುಮಾನ ಸಾಕಾಗಿತ್ತು. ನಾನು ಒಪ್ಪಿಕೊಂಡರೂ ನನಗೆ ಕಾಫಿ ಸಿಕ್ಕಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ನನ್ನ ಮಾನ ಹೋಗಲೇ ಇಲ್ಲ, ಹೋದದ್ದೆಲ್ಲ ನಿಮ್ಮದು. ಅದೇ ನನ್ನನ್ನು ಸುಡುತ್ತಿದೆ.

ನಿಮ್ಮ ತಪ್ಪೇನೂ ಇಲ್ಲ ಎಂದು ಏಜೆನ್ಸಿಯವನ ಕೈಯಲ್ಲೇ ಬರೆಸಿ ಸೀಲು ಹಾಕಿಸಿದ ಕಾಗದ ಇದರ ಜೊತೆಗಿದೆ. ಬೇರೆ ಎಲ್ಲಾದರೂ ಕೆಲಸಕ್ಕೆ ಸೇರುವಾಗ ಬೇಕಾಗಬಹುದು. ವಾಪಸು ಬನ್ನಿ ಎಂದು ಕರೆಯಲು ನನಗೆ ಬಾಯಿಲ್ಲ. ಕ್ಷಮಿಸಿ ಎಂದೂ ಕೇಳುತ್ತಿಲ್ಲ, ಕೇಳಿದರೆ ಕ್ಷಮಿಸುವ ಕಷ್ಟವೂ ನಿಮ್ಮ ತಲೆಗೇ ಬರುತ್ತದೆ.

ಇಷ್ಟು ಬರೆದು ಮುಗಿಸಿ ಈಗಷ್ಟೇ ಅಮ್ಮನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. 'ಬಿದ್ದ ಜಾಗ ಇನ್ನೊಂದು ಸಲ ಓದು' ಎಂದಳು. ಓದಿದೆ. 'ಹಿಂದುಮುಂದಾಗಿ ಬರ್ದಿದ್ದೀಯ. ಆದ ಹಾಗೆ ಬರಿ' ಎಂದಳು.

ಆದದ್ದು ಹೀಗೆ. ನಾನು ಓಡಿಹೋದಾಗ ಅಮ್ಮ ನೆಲದ ಮೇಲಿಂದ ಎರಡೂ ಕೈ ನನ್ನ ಕಡೆ ಚಾಚಿದ್ದಳು. ಒಂದು ಕೈಯಲ್ಲಿ ಕಂಬಿ ಇತ್ತು. 'ಕಿಟ್ಟಿ, ಎತ್ತೋ' ಎಂದಳು. ನಾನು ಮೊದಲು ಅವಳ ಬೆರಳು ಬಿಡಿಸಿ ಕಂಬಿ ತೆಗೆದುಕೊಂಡೆ. ಬಕೆಟ್ಟಿನಲ್ಲಿ ಮುಚ್ಚಿಟ್ಟೆ. ಕಡ್ಡಿಗಳನ್ನು ಒಂದೊಂದಾಗಿ ಆರಿಸಿದೆ. ಅಷ್ಟು ಹೊತ್ತೂ ಅವಳು ಕೈ ಚಾಚಿಕೊಂಡೇ ಇದ್ದಳು. ಅಮ್ಮನನ್ನು ಮುಟ್ಟಿದ್ದು ಆಮೇಲೆ.

ಮಾದಪ್ಪ ನಿಮ್ಮನ್ನೂ ನಿಮ್ಮ ಮನೆಯವರನ್ನೂ ಚೆನ್ನಾಗಿಟ್ಟಿರಲಿ. ಇದು ಜಯಲಕ್ಷ್ಮಮ್ಮನ ಹಾರೈಕೆ, ಅವಳು ಹೇಳಿ ಬರೆಸಿದ್ದು. ನನ್ನ ಕಡೆಯಿಂದ ಹಾರೈಕೆ ಬರೆಯುವ ಯೋಗ್ಯತೆ ನನಗಿಲ್ಲ.

ತಲೆ ತಗ್ಗಿಸಿ,
ಕೃಷ್ಣಮೂರ್ತಿ