ಈ ಊರಿಗೊಬ್ಬರು ಕಟಿಂಗ್‌ನವರು ಬೇಕು

ಪುರಸಭೆ ಕಚೇರಿಯಿಂದ,
ಗುರುವಾರ, ಊಟದ ಬಿಡುವು

ಮುನಿಸಿಕೊಂಡು ಕೂತಿರುವ ನಮ್ಮ ಯಜಮಾನರಿಗೆ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ಕೇಳಿದರೆ ಇನ್ನೂ ಬಿಗಿಯುತ್ತೀರಿ. ನನ್ನ ಫೋನಂತೂ ಎತ್ತುವುದಿಲ್ಲ. ಅದಕ್ಕೇ ಈ ಕಾಗದ, ಅದೂ ಕಚೇರಿ ಕೆಲಸದ ಮೇಲೆ.

ಈ ಉತ್ತರದ ಮೂಲೆಗೆ ಬಂಡವಾಳ ಹಾಕುವವರನ್ನು, ಕೆಲಸಗಾರರನ್ನು, ಅವರ ಸಂಸಾರಗಳನ್ನು ಕರೆತರುವುದು ನನ್ನ ನೌಕರಿ ಎಂದು ನಿಮಗೆ ಗೊತ್ತು. ನಾನು ಹೊರಡುವಾಗ, "ಅಲ್ಲಿಗೆ ಬಂದು ನಾನೇನು ಕರಡಿಗಳಿಗೆ ಶೇವಿಂಗ್ ಮಾಡ್ಲಾ?" ಎಂದಿರಿ. ನೀವು ನಿಮ್ಮ ಕಟಿಂಗ್ ಶಾಪಿನ ಕುರ್ಚಿಯನ್ನೇ ಮದುವೆಯಾಗಬೇಕಿತ್ತು ಎಂದೆ ನಾನು. ಅಲ್ಲಿಗೆ ಮಾತು ನಿಂತಿತು. ಇರಲಿ.

ಹೋದ ತಿಂಗಳು ಮೇಜು ಕುರ್ಚಿ ಮಾಡುವ ಕಾರ್ಖಾನೆಯ ಒಡತಿ ಊರು ನೋಡಲು ಬಂದರು. ಇಲ್ಲಿ ಮರ ಬೇಕಾದಷ್ಟಿದೆ, ಜನರಿಲ್ಲ. ಮುಖ್ಯ ರಸ್ತೆಯಲ್ಲೇ ಅರ್ಧ ಅಂಗಡಿಗಳಿಗೆ ಬೀಗ. ಅದಕ್ಕೆ ಪುರಸಭೆ ಅಧ್ಯಕ್ಷರು ಒಂದು ಉಪಾಯ ಹೂಡಿದರು. ಒಡತಿ ಬರುವ ಹೊತ್ತಿಗೆ ಊರವರೆಲ್ಲ ರಸ್ತೆಯಲ್ಲಿ ಓಡಾಡುತ್ತಿರಬೇಕು. ಆ ತುದಿ ಮುಟ್ಟಿದವರು ಹಿಂದಿನ ಗಲ್ಲಿಯಲ್ಲಿ ಸುತ್ತಿ ಮತ್ತೆ ಈ ತುದಿಗೆ ಬರಬೇಕು. ಊರು ಗಿಜಿಗುಡುತ್ತಿದೆ ಎನಿಸಬೇಕು.

ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ನಮ್ಮ ಪೋಸ್ಟ್‌ಮನ್ ದಪ್ಪ ಮನುಷ್ಯ, ಜೊತೆಗೆ ಬಾಯಿ ಬಿಗಿ ಹಿಡಿಯಲಾರದವನು. ಮೂರನೇ ಸುತ್ತಿಗೆ ಏದುಸಿರು ಬಿಡುತ್ತಾ ಬಂದವನು ಒಡತಿಯನ್ನು ಕಂಡು, "ಓ, ಮತ್ತೆ ಸಿಕ್ಕಿದ್ರಲ್ಲಾ" ಎಂದುಬಿಟ್ಟ.

ಒಡತಿ ನಿಂತರು. "ಸಾಕು, ಎಲ್ರೂ ಸ್ವಲ್ಪ ಸುಧಾರಿಸ್ಕೊಳಿ ಪಾಪ" ಎಂದರು. ಅಷ್ಟೂ ಜನ ನಾಚಿಕೊಂಡು ಟೋಪಿ ತೆಗೆದರು. ನಿಜವಾದ ಅನಾಹುತ ಆದದ್ದು ಆಗ. ದೊಡ್ಡವರು, ಚಿಕ್ಕವರು, ಗಂಡಸರು, ಹೆಂಗಸರು, ಎಲ್ಲರ ತಲೆಯೂ ಒಂದೇ ಅಚ್ಚು. ಕಿವಿಯ ಮೇಲೆ ಬೋಳು, ನೆತ್ತಿಯ ಮೇಲೊಂದು ಪೊದೆ.

"ಇದೇನು, ಊರಿಗೆಲ್ಲ ಒಂದೇ ಕಟಿಂಗಾ?" ಎಂದರು ಒಡತಿ.

ದನದ ಡಾಕ್ಟರು ಮೆಲ್ಲಗೆ ಕೈಯೆತ್ತಿದರು. "ನಾನೇ ಮಾಡೋದು ಮೇಡಂ. ಕುರಿ ಉಣ್ಣೆ ತೆಗೆಯೋ ಮಷಿನ್ನು. ಇಲ್ಲೀತನಕ ಯಾರೂ ಕಂಪ್ಲೇಂಟ್ ಮಾಡಿಲ್ಲ."

"ಕುರಿಗಳು ಮಾಡಿಲ್ಲ" ಎಂದರು ಅಧ್ಯಕ್ಷರು, ತಮ್ಮ ತಲೆ ಮುಟ್ಟಿಕೊಂಡು.

ಕೆಲಸಗಾರರು ಹೆಂಡತಿ ಮಕ್ಕಳೊಂದಿಗೆ ಬಂದರೆ ಅವರ ತಲೆಯನ್ನೂ ಇವರ ಕೈಗೇ ಕೊಡಬೇಕೇ ಎಂದು ಒಡತಿ ನನ್ನನ್ನು ಕೇಳಿದರು. ನನ್ನ ಬಾಯಿಗೆ ಅದು ಹೇಗೆ ಬಂತೋ ಕಾಣೆ. "ಇಲ್ಲ ಮೇಡಂ, ನಮ್ಮೆಜಮಾನ್ರು ಬಂದು ಶಾಪ್ ಇಡ್ತಾರೆ. ಆಗ್ಲೇ ಸಾಮಾನು ಕಟ್ತಾ ಇದಾರೆ" ಎಂದೆ. ರಸ್ತೆಗೆ ರಸ್ತೆಯೇ ಚಪ್ಪಾಳೆ ತಟ್ಟಿತು. ದನದ ಡಾಕ್ಟರ ಕಣ್ಣಲ್ಲಿ ನೀರು.

ಈಗ ನನ್ನ ಪಾಡು ಕೇಳಿ. ಅಧ್ಯಕ್ಷರು ಬೀಗ ಹಾಕಿದ್ದ ಚಪ್ಪಲಿ ಅಂಗಡಿಗೆ ಬಣ್ಣ ಹೊಡೆಸಿದ್ದಾರೆ. ಊರು ಬಿಟ್ಟುಹೋದ ಹಲ್ಲಿನ ಡಾಕ್ಟರ ಕುರ್ಚಿಯನ್ನು ತಂದು ಹಾಕಿಸಿದ್ದಾರೆ. ಗುಂಡಿ ಒತ್ತಿದರೆ ಕೂತವರು ಅಂಗಾತ ಮಲಗುತ್ತಾರೆ, ಮತ್ತೆ ಎಬ್ಬಿಸಲು ಇಬ್ಬರು ಬೇಕು. ಪೋಸ್ಟ್‌ಮನ್ ನಿಮಗಾಗಿಯೇ ಕೂದಲು ಬಿಟ್ಟಿದ್ದಾನೆ. ಅದು ಕಣ್ಣಿನ ಮೇಲೆ ಇಳಿದು ವಿಳಾಸ ಕಾಣದೆ, ಪಕ್ಕದ ಮನೆಯ ಕಾಗದಗಳೆಲ್ಲ ನಮ್ಮ ಮನೆಗೆ ಬರುತ್ತಿವೆ.

ನೀವು ಬರದಿದ್ದರೆ ಕಾರ್ಖಾನೆ ಕೈತಪ್ಪುತ್ತದೆ. ಶಾಲೆಗೆ ಮಕ್ಕಳು ಸಿಗುವುದಿಲ್ಲ, ಊರೇ ಮುಳುಗುತ್ತದೆ. ಆ ಪಾಪ ನಿಮಗೇಕೆ? ನನಗಾಗಿ ಬೇಡ, ಊರಿಗಾಗಿ ಯೋಚಿಸಿ.

ದಿನವಿಡೀ ಗುರುತು ಪರಿಚಯ ಇಲ್ಲದವರಿಗೆ ಫೋನಿನಲ್ಲಿ, ಚಳಿ ನಿಜ, ಆದರೆ ಸಂಸಾರ ಸಮೇತ ಬನ್ನಿ, ಮನೆ ಬೆಚ್ಚಗಿರುತ್ತದೆ ಎನ್ನುತ್ತಿರುತ್ತೇನೆ. ಮೊನ್ನೆ ಒಬ್ಬ ಬಡಗಿ, "ನಿಮ್ಮ ಮನೆಯವ್ರೂ ಅಲ್ಲೇ ಇದಾರಾ ಮೇಡಂ?" ಎಂದು ಕೇಳಿದ. ಲೈನು ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟೆ. ಪಾಪ, ಅವನಿಗೆ ತಿರುಗಿ ಫೋನ್ ಮಾಡಬೇಕು.

ಯಾವ ರೈಲು ಎಂದು ತಿಳಿಸಿ. ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿ ತನ್ನಿ.

ಇಂತು,
ಜಗಳವಾಡಿದ ಮಾತ್ರಕ್ಕೆ ಬೇರೆಯವಳಾಗದ,
ನಿಮ್ಮ ಹೆಂಡತಿ

ಇನ್ನೊಂದು ಮಾತು: ಕಾರ್ಖಾನೆಯ ಒಡತಿ ಹೋದ ವಾರವೇ ಸಹಿ ಹಾಕಿದರು. ನೀವು ಬರುವುದು ಖಚಿತವಿಲ್ಲ ಎಂದು ನಾನೇ ಅವರಿಗೆ ಹೇಳಿದ್ದೆ. "ಅದಕ್ಯಾಕೆ ಯೋಚ್ನೆ, ನಮ್ಮಲ್ಲೇ ಒಬ್ರು ಕಟಿಂಗ್‌ನವ್ರಿದಾರೆ, ಕರ್ಕೊಂಡ್ ಬರ್ತೀನಿ" ಎಂದರು. ನಾನು ಬೇಡ ಎಂದುಬಿಟ್ಟೆ.