ಹೊಸ ಮೋಟರ್‌ಗಳಿಗೆ ಸದ್ದಿಲ್ಲ

ಕುಶಾಲನಗರ
ಸೋಮವಾರ

ನಂದೀಶಣ್ಣನವರಿಗೆ ರಂಜಿತಾಳ ನಮಸ್ಕಾರ.

ಮರ ಕೆತ್ತುವ ನಮ್ಮ ಹಳೇ ಸಿಎನ್‌ಸಿ ರೂಟರಿಗೆ ನೀವು ಕೂರಿಸಿದ ಮೋಟರ್, ಕಂಟ್ರೋಲರ್ ಚೆನ್ನಾಗಿ ಓಡುತ್ತಿವೆ. ಕೂದಲೆಳೆಯಷ್ಟೂ ತಪ್ಪುತ್ತಿಲ್ಲ. ನಿಮ್ಮ ಕೆಲಸದಲ್ಲಿ ಕೊರತೆಯಿಲ್ಲ.

ಅಪ್ಪನ ಅಭ್ಯಾಸ ನಿಮಗೆ ಗೊತ್ತು. ಸಕ್ಕರೆ ಕಾಯಿಲೆಗೆ ಕಣ್ಣು ಪೂರ್ತಿ ಹೋದ ಮೇಲೂ, ಬಾಗಿಲ ಹಲಗೆ ಇಡುವ ಮೊದಲು ಮೆಷಿನನ್ನು ಒಮ್ಮೆ ಬರಿಗಾಳಿಯಲ್ಲಿ ಓಡಿಸಲು ಹೇಳುತ್ತಿದ್ದರು. ಹಳೇ ಮೋಟರ್‌ಗಳು ಕುಂಯ್‌ಗುಡುವುದನ್ನು ಕೇಳಿಯೇ, "ಇದು ಬಳ್ಳಿ, ಈಗ ನವಿಲಿನ ಕತ್ತು" ಎನ್ನುತ್ತಿದ್ದರು. ಅವರು ಸರಿ ಅಂದರೆ ಮಾತ್ರ ನಾನು ಕೆತ್ತುತ್ತಿದ್ದೆ. ಅವರಿಗೆ ಉಳಿದಿದ್ದ ಕೆಲಸ ಅದೊಂದೇ.

ನಿನ್ನೆಯೂ ಹಾಗೇ ಓಡಿಸಿದೆ. ನವಿಲು ಮುಗಿಯುತ್ತಾ ಬಂದಿತ್ತು. ಸ್ಟೂಲಿನ ಮೇಲೆ ಕಿವಿಗೊಟ್ಟು ಕೂತಿದ್ದ ಅಪ್ಪ, "ಕರೆಂಟ್ ಹೋಯ್ತೇನವ್ವ?" ಎಂದರು.

ನಾನು ಹೂಂ ಅಂದುಬಿಟ್ಟೆ. ಈ ಮಳೆಗೆ ಅವರು ನಂಬಿದರು.

ಹಳೇ ಮೋಟರ್‌ಗಳನ್ನು ಗುಜರಿಗೆ ಹಾಕಿರದಿದ್ದರೆ ತಂದು ಕೂರಿಸಿಕೊಡಿ. ಹೊಸ ಕಂಟ್ರೋಲರಿಗೆ ಅವು ಹೊಂದುವುದಿಲ್ಲ ಎಂದು ನೀವೇ ಹೇಳಿದ್ದಿರಿ. ಆದರೂ ಕೇಳುತ್ತಿದ್ದೇನೆ. ಕೆತ್ತಲು ಶುರು ಮಾಡಿದರೆ ಮರ ಕೊರೆಯುವ ಸದ್ದಿಗೆ ಸುಳ್ಳು ಗೊತ್ತಾಗುತ್ತದೆಂದು ನಾನು ಮೆಷಿನ್ ಮುಟ್ಟಿಲ್ಲ. ಅಪ್ಪ ಬೆಳಿಗ್ಗೆಯಿಂದ ಅದೇ ಸ್ಟೂಲಿನ ಮೇಲೆ ಕೂತು, ಕರೆಂಟ್ ಬರಲಿ ಎಂದು ಕಾಯುತ್ತಿದ್ದಾರೆ.

ಇಂತಿ,
ರಂಜಿತಾ