ಕೊನೆಯ ವಾರ ನೀವು ತುಂಬಿದ ಕಾಡತೂಸು

ರೀ,

ಹೀಗೆ ಕರೆದರೆ ಸಾಕು, ಮೇಲಿನಿಂದ "ಬಂದೆ, ಬಂದೆ" ಅನ್ನುತ್ತಿದ್ದಿರಿ. ಬರುತ್ತಿರಲಿಲ್ಲ. ಸಣ್ಣ ಕೋಣೆಯಲ್ಲಿ ತಕ್ಕಡಿಯ ಮುಂದೆ ಕೂತು ಕಾಡತೂಸಿಗೆ ತುಂಬುವ ಬಂದೂಕಿನ ಮದ್ದು ತೂಗುತ್ತಿದ್ದಿರಿ, ಇಲ್ಲಿ ಸಾರು ಆರಿಹೋಗುತ್ತಿತ್ತು. ಈಗಲೂ ಅನ್ನ ಇಳಿಸಿ, ಮೆಟ್ಟಿಲ ಹತ್ತಿರ ಹೋಗಿ ಕೂಗಿಬಿಡುತ್ತೇನೆ. ಆಮೇಲೆ ನೆನಪಾಗುತ್ತದೆ. ಆಮೇಲೆ ಅಲ್ಲೇ ಕೂತು... ಇರಲಿ, ಅಳುವುದನ್ನು ಬರೆಯಲಿಕ್ಕೆ ಕೂತಿಲ್ಲ. ನಿಮ್ಮ ಕಾಡತೂಸುಗಳ ಸುದ್ದಿ ಹೇಳಬೇಕಿತ್ತು.

ಊರು ಬಿಟ್ಟು ಈ ಪರದೇಶದಲ್ಲಿ, ಹ್ಯಾರೋದ ಈ ಮನೆಗೆ ಬಂದ ಹೊಸತರಲ್ಲಿ ಆ ಸಣ್ಣ ಕೋಣೆಗಾಗಿ ನಡೆದ ಜಗಳ ನೆನಪಿದೆಯೇ? ಈಶಾನ್ಯ ಮೂಲೆ ಅಂತ ನಾನು ಮೊದಲ ದಿನವೇ ಅಲ್ಲಿ ದೇವರನ್ನಿಟ್ಟೆ. ನಿಮಗೂ ಅದೇ ಕೋಣೆ ಬೇಕಾಯಿತು. ಮಧ್ಯಾಹ್ನದ ಬಿಸಿಲಿಲ್ಲ, ತೇವವಿಲ್ಲ, ಹೀಟರ್ ಇಲ್ಲ, ಮದ್ದು ಇಡಲು ಇಡೀ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಅಂದಿರಿ. ಧಾರವಾಡದಿಂದ ಬಂದಿದ್ದ ನಿಮ್ಮ ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತರು. "ದೇವ್ರನ್ನ ಎಬ್ಬಿಸಿ ಮದ್ದಿನ ಡಬ್ಬಿ ಇಡ್ತಿಯೇನಪಾ? ಭಾಳ ಶಾಣ್ಯಾ ಆದಿ ನೋಡು, ಡಾಕ್ಟರಕಿ ಓದಿ!" ದೀಪ ಹಚ್ಚುವ ಕಡೆ ಮದ್ದು ಇಡುವ ಹಾಗಿಲ್ಲ, ಎರಡರಲ್ಲಿ ಒಂದು ಏಳಲೇಬೇಕು. ಎದ್ದದ್ದು ದೇವರು. ಅಡುಗೆಮನೆಯ ಕಪಾಟಿಗೆ, ಅಕ್ಕಿ ಡಬ್ಬದ ಪಕ್ಕಕ್ಕೆ. ನಾನು ಒಂದು ವಾರ ಮಾತು ಬಿಟ್ಟೆ. ನಿಮಗೆ ಅದು ಗೊತ್ತೇ ಆಗಲಿಲ್ಲ.

ಪ್ಲೈವುಡ್ ಕೊಯ್ದು ನೀವೇ ಮದ್ದಿನ ಪೆಟ್ಟಿಗೆ ಮಾಡಿದ ಭಾನುವಾರವೂ ಕಣ್ಣ ಮುಂದಿದೆ. ಪ್ರೈಮರ್ ಎಂಬ ಆ ಪುಟ್ಟ ಬಿಲ್ಲೆಗಳನ್ನು, ಪೆಟ್ಟು ಬಿದ್ದರೆ ಕಿಡಿ ಕಾರುತ್ತವಂತಲ್ಲ, ಅವನ್ನು ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿದಿರಿ. ಯಾಕೆ ಅಂತ ಕೇಳಿದ್ದಕ್ಕೆ, "ಅತ್ತಿ-ಸೊಸಿ ಇದ್ದಂಗ ನೋಡು. ಒಂದ ಮನಿಯಾಗ ಇರಲಿ, ಒಂದ ಕಪಾಟಿನಾಗ ಬ್ಯಾಡ" ಅಂದಿರಿ, ಅವ್ವನ ಎದುರಿಗೇ! ಅವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಜೇಡ ಕಂಡರೆ ಗ್ಲಾಸಿನಲ್ಲಿ ಹಿಡಿದು ಹಿತ್ತಲಿಗೆ ಬಿಡುವ ಮನುಷ್ಯನಿಗೆ ಬಂದೂಕಿನ ಹುಚ್ಚು ಯಾಕೆ ಹಿಡಿಯಿತೋ ನನಗೆ ಬಹಳ ಕಾಲ ತಿಳಿಯಲಿಲ್ಲ. ಒಮ್ಮೆ ನಿಮ್ಮ ಜೊತೆ ಗುರಿ ಹೊಡೆಯುವ ಕ್ಲಬ್ಬಿಗೆ ಬಂದಾಗ ತಿಳಿಯಿತು. ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ಕೊಟ್ಟು ದಿನವಿಡೀ ಇನ್ನೊಬ್ಬರ ಉಸಿರು ಕಾಯುವ ನೀವು, ಅಲ್ಲಿ ಅಂಗಾತ ಮಲಗಿದವರನ್ನೆಲ್ಲ ಮರೆತು, ಹುಲ್ಲಿನ ಮೇಲೆ ಬೋರಲು ಮಲಗಿ ನಿಮ್ಮ ಉಸಿರನ್ನಷ್ಟೇ ನೋಡಿಕೊಳ್ಳುತ್ತಿದ್ದಿರಿ. ದೂರದ ಕಾಗದಕ್ಕೆ ತೂತು ಬಿದ್ದಾಗ ನಿಮ್ಮ ಮುಖ ಎಷ್ಟು ಹಗುರಾಗಿತ್ತು!

ಆ ಗುರುವಾರ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಆಸ್ಪತ್ರೆಗೆ ಹೊರಟಿರಿ. ಟ್ಯೂಬ್ ರೈಲಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತವರು ಏಳಲೇ ಇಲ್ಲ. ಸಾವಿರಾರು ಜನರನ್ನು ಮಲಗಿಸಿ ಎಬ್ಬಿಸಿದವರನ್ನು ಎಬ್ಬಿಸಲು ಅಲ್ಲಿ ಯಾರೂ ಇರಲಿಲ್ಲವೇ? ಯಾರನ್ನು ಕೇಳಲಿ ಇದನ್ನು?

ನಿಮ್ಮ ಬಂದೂಕಿನ ಲೈಸೆನ್ಸ್ ನಿಮ್ಮ ಜೊತೆಗೇ ಹೋಯಿತಲ್ಲ, ಹಾಗಾಗಿ ಅದ್ಯಾವುದನ್ನೂ ನಾನು ಇಟ್ಟುಕೊಳ್ಳುವ ಹಾಗಿಲ್ಲ ಅಂದರು ಪೊಲೀಸರು. ಒಳ್ಳೆಯವರೇ, ಮೆತ್ತಗೆ ಮಾತಾಡಿದರು. ಅವರ ಒಪ್ಪಿಗೆಯ ಮೇಲೆ, ಎಲ್ಲವನ್ನೂ ಒಯ್ಯಲು ಫೆಲ್ಥಮ್‌ನಿಂದ ನಿಮ್ಮ ಕ್ಲಬ್ಬಿನ ಗೆಳೆಯ ಬ್ರಯಾನ್ ಬಂದರು. ರೈಫಲ್ ಹೋಗಲಿ ಅನ್ನಿಸಿತು, ಅಂಗಡಿಯಲ್ಲಿ ಕೊಂಡದ್ದು. ಮದ್ದಿನ ಡಬ್ಬಿ, ಪ್ರೈಮರ್, ಅವೂ ಅಂಗಡಿಯವೇ. ಆದರೆ ಆ ಹಳದಿ ಪೆಟ್ಟಿಗೆ? ಹೋಗುವ ಮೊದಲಿನ ಭಾನುವಾರ ನೀವು ಒಂದೊಂದಾಗಿ ತೂಗಿ, ತುಂಬಿ, ಬಟ್ಟೆಯಿಂದ ಒರೆಸಿ ನಿಲ್ಲಿಸಿದ ಕಾಡತೂಸುಗಳು. ಶನಿವಾರದ ಸ್ಪರ್ಧೆಗೆ. ನಿಮ್ಮ ಕೈ ಮಾಡಿದ ಕೊನೆಯ ಕೆಲಸ ಅದು, ಗೊತ್ತೇ?

"ಬ್ರಯಾನ್, ಇವನ್ನು ನೀವೇ ಹಾರಿಸಿ. ಅವರ ಪರವಾಗಿ" ಎಂದೆ. ಅವರು ಪೆಟ್ಟಿಗೆ ನೋಡಿದರು, ಮುಟ್ಟಲಿಲ್ಲ. ಇನ್ನೊಬ್ಬರು ತುಂಬಿದ್ದನ್ನು ಯಾರೂ ಹಾರಿಸುವುದಿಲ್ಲವಂತೆ. ಅಣ್ಣ ತುಂಬಿದ್ದನ್ನು ತಮ್ಮ ಸಹ ಮುಟ್ಟುವುದಿಲ್ಲವಂತೆ. ಆ ಬಂದೂಕಿಗೆ, ಆ ಕೈಗೆ ಅಳೆದದ್ದು ಅದು, ಇನ್ನೊಂದರಲ್ಲಿ ಹಾಕಿದರೆ ಏನಾಗುತ್ತದೋ ಹೇಳಲಾಗದು. ಬಿಚ್ಚಿ ನಾಶಮಾಡಬೇಕು, ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. "ಯಾರ ಕೈ ಅಂತ ತಿಳಿದಿದ್ದೀರಿ? ಆ ಕೈಯನ್ನು ನಂಬಿ ಜನ ಉಸಿರನ್ನೇ ಒಪ್ಪಿಸಿ ಮಲಗುತ್ತಿದ್ದರು! ನಿಮಗೆ ನಂಬಿಕೆಯಿಲ್ಲವೇ?" ಎಂದು ಕಿರುಚಿದೆ. ನಿಖಿಲ್ ಓಡಿ ಬಂದು ನನ್ನ ಭುಜ ಹಿಡಿದು, "ಅಮ್ಮಾ, ಪ್ಲೀಸ್, ಸ್ಟಾಪ್" ಅನ್ನುತ್ತಿದ್ದ. ಬ್ರಯಾನ್ ಕುರ್ಚಿಯಲ್ಲಿ ಕುಸಿದು ಕೂತರು. "ನಂಬಿಕೆ ಇದೆ, ಸುಧಾ. ಆದರೆ ಆ ನಿಯಮ ನನಗೆ ಕಲಿಸಿದವನೇ ಅವನು" ಎಂದರು. ಆಮೇಲೆ ಆ ದೊಡ್ಡ ದೇಹ ಗಡಗಡ ಅಲುಗಾಡುವ ಹಾಗೆ ಅತ್ತರು. ನಾನು ಚಹಾಕ್ಕೆ ನೀರಿಟ್ಟೆ.

ಕ್ಲಬ್ಬಿನ ಹಿಂದಿನ ಶೆಡ್ಡಿನಲ್ಲಿ ಅವರು ಬಿಚ್ಚಲು ಕೂತಾಗ ನಾನೂ ಪಕ್ಕದಲ್ಲಿ ಕೂತೆ. ಒಂದೊಂದರ ಗುಂಡು ಕಿತ್ತು, ಮದ್ದನ್ನು ಬೋಗುಣಿಗೆ ಸುರಿದರು. ಸಾಸಿವೆಯಷ್ಟು ಸಣ್ಣ, ಕಪ್ಪು ಕಾಳು. ಎಲ್ಲದರಲ್ಲೂ ಒಂದೇ ಅಳತೆ, ಒಂದರಲ್ಲೂ ಹೆಚ್ಚುಕಡಿಮೆಯಿಲ್ಲ ಎಂದು ತೂಗಿ ತೋರಿಸಿದರು. ನೀವು ಕಟ್ಟಿದ್ದನ್ನು ನಿಮ್ಮ ಸ್ನೇಹಿತರೇ ಬಿಚ್ಚುವುದನ್ನು ಕೊನೆಯದರವರೆಗೂ ನೋಡಿದೆ, ರೀ.

ಆಮೇಲೆ ಹೊರಗೆ, ಹುಲ್ಲಿಲ್ಲದ ಬರಿ ನೆಲದ ಮೇಲೆ ಆ ಮದ್ದನ್ನು ರಂಗೋಲಿಯ ಎಳೆಯ ಹಾಗೆ ತೆಳುವಾಗಿ ಹರವಿದರು. ಬಿಗಿಯಾಗಿ ತುಂಬಿದರೆ ಮಾತ್ರ ಸಿಡಿಯುತ್ತದಂತೆ, ಹೀಗೆ ಹರವಿದರೆ ಸುಮ್ಮನೆ ಉರಿದುಹೋಗುತ್ತದಂತೆ. ಉದ್ದ ಕೋಲಿನ ತುದಿಗೆ ಬೆಂಕಿ ಹೊತ್ತಿಸಿ, ನನ್ನನ್ನು ಮದ್ದಿನಿಂದ ದೂರ ನಿಲ್ಲಿಸಿ, ಆ ಕೋಲನ್ನು ನನ್ನ ಕಡೆ ಚಾಚಿದರು. "ನೀವೇ ಹಚ್ಚುತ್ತೀರಾ?"

ನಿಮ್ಮನ್ನು ಸುಡುವಾಗ ಕ್ರೆಮಟೋರಿಯಂನಲ್ಲಿ ಏನಾಯಿತೆಂದು ನಿಮಗೆ ಗೊತ್ತಿಲ್ಲ. ನಾನೂ ಮುಂದೆ ಬರಲೇ ಎಂದು ಕೇಳಿದೆ. "ಹೆಂಗಸರು ಕೂತಿರಲಿ, ಮಗ ಬಟನ್ ಒತ್ತಿದರೆ ಸಾಕು" ಅಂದರು ಪುರೋಹಿತರು. ನಿಖಿಲ್ ಒತ್ತಿದ. ಪರದೆ ಮುಚ್ಚಿತು. ಇಷ್ಟು ವರ್ಷ ಜೊತೆಗೆ ಬಾಳಿದವಳು, ನಾನು ಒಂದು ಕಿಡಿಯನ್ನೂ ಕಾಣಲಿಲ್ಲ.

ಕೋಲು ತೆಗೆದುಕೊಂಡೆ. ಬ್ರಯಾನ್ ಟೋಪಿ ತೆಗೆದರು. ನಾನು ಮದ್ದಿನ ತುದಿಗೆ ಬೆಂಕಿ ಮುಟ್ಟಿಸಿದೆ, ರೀ. ಹಳದಿ ಬೆಂಕಿ ಆ ಎಳೆಯುದ್ದಕ್ಕೂ ಓಡಿತು, ಸದ್ದಿಲ್ಲದೆ. ನಿಮ್ಮ ಹೆಸರು ಹೇಳಬಾರದೆಂದು ಇಷ್ಟು ವರ್ಷ ಹೇಳಿರಲಿಲ್ಲ. ಅಲ್ಲಿ, ಅಷ್ಟು ಜೋರಾಗಿ, ಹೇಳಿಬಿಟ್ಟೆ.

ಶ್ರೀನಿವಾಸ. ನಿಮಗೆ ಬೆಂಕಿ ಕೊಟ್ಟವಳು ನಾನು. ಒಂದು ಕಾಳೂ ಉಳಿಯಲಿಲ್ಲ.

ನಿಮ್ಮ,
ಸುಧಾ